ಎದುರು ವಕೀಲ

ಜನವರಿ ೯

ಉದ್ದಣ್ಣನಿಗೆ,

ಗಿಡ್ಡನ ನಮಸ್ಕಾರ. 'ಮಾನ್ಯ ಮಂತ್ರಿಗಳೇ' ಎಂದೇ ಶುರು ಮಾಡಬೇಕೆಂದಿದ್ದೆ. ಆದರೆ ಹಾಗೆ ಬರೆದ ಕಾಗದವನ್ನೆಲ್ಲ ನಿನ್ನ ಆಪ್ತ ಕಾರ್ಯದರ್ಶಿ ಒಡೆದು ಓದಿ, ಮೂಲೆಯಲ್ಲಿ ಒಂದು ನಂಬರು ಹಾಕಿ ಯಾವುದೋ ಇಲಾಖೆಗೆ ಸಾಗಹಾಕುತ್ತಾನಂತೆ. ಹಾಗಾಗಿ ನಿನ್ನ ಮನೆಯ ವಿಳಾಸಕ್ಕೆ, ಹಳೆಯ ಹೆಸರಿನಲ್ಲೇ ಬರೆಯುತ್ತಿದ್ದೇನೆ. ಫೋನಿನ ಸಹವಾಸ ಬಿಟ್ಟೆ. ಯಾವಾಗ ಮಾಡಿದರೂ ಅವನೇ ಎತ್ತಿಕೊಂಡು, "ಸಾಹೇಬ್ರು ಮೀಟಿಂಗಲ್ಲಿದಾರೆ, ತಾವು ಯಾರು ಅಂತ ಹೇಳ್ಬೇಕು?" ಎನ್ನುತ್ತಾನೆ. ನಿನ್ನ ಪಕ್ಕದ ಮೇಜಿನಲ್ಲಿ ಹತ್ತು ವರ್ಷ ಕೂತವನು ಯಾರೆಂದು ಅವನಿಗೆ ಎಲ್ಲಿಂದ ಶುರುಮಾಡಿ ಹೇಳಲಿ?

ವಿಷಯಕ್ಕೆ ಬರುತ್ತೇನೆ. ಕೋರ್ಟಿನ ಎದುರಿನ ನಮ್ಮ ಕೋಣೆಯನ್ನು ಮುಚ್ಚಿಬಿಡಬೇಕೆಂದಿದ್ದೇನೆ. ಮೆಟ್ಟಿಲು ಹತ್ತುವುದೇ ಒಂದು ಕೆಲಸವಾಗಿದೆ. ಕಕ್ಷಿದಾರರು ಕಡಿಮೆಯಾಗಿದ್ದಾರೆ, ಇರುವವರೂ ನನ್ನ ವಯಸ್ಸಿನವರೇ. ಕೇಸು ಇತ್ಯರ್ಥವಾಗುವುದಕ್ಕೆ ಮೊದಲು ಅವರೇ ಇತ್ಯರ್ಥವಾಗಿ ಹೋಗುತ್ತಿದ್ದಾರೆ. ನನ್ನವಳು ಮೊನ್ನೆ, "ಮನೇಲಿ ಮಲಗೋ ಬದಲು ಅಲ್ಲಿ ಹೋಗಿ ಕುರ್ಚಿ ಮೇಲೆ ಮಲಗ್ತೀರಿ, ಅದಕ್ಕೊಂದು ಕರಿ ಕೋಟು ಬೇರೆ" ಎಂದಳು. ಉತ್ತರ ತೋಚಲಿಲ್ಲ. ವಕೀಲನಿಗೆ ಮನೆಯಲ್ಲೇ ಉತ್ತರ ತೋಚದಿದ್ದರೆ ಅಂಗಡಿ ಮುಚ್ಚುವ ಕಾಲ ಬಂತೆಂದೇ ಅರ್ಥ.

ನನ್ನದೇನೂ ಕಷ್ಟವಿಲ್ಲ, ಎರಡು ಕಪಾಟು ಪುಸ್ತಕ. ಕಷ್ಟವಿರುವುದು ನಿನ್ನದು. ನೀನು ಮೊದಲ ಚುನಾವಣೆಗೆ ನಿಂತಾಗ, "ಒಂದೇ ಅವಧಿ ಕಣೋ, ಆಮೇಲೆ ಬಂದೇ ಬರ್ತೀನಿ, ನನ್ನ ಮೇಜು ಯಾರಿಗೂ ಕೊಡ್ಬೇಡ" ಎಂದು ಹೇಳಿ ಹೋದೆ. ನಾನು ಕೊಡಲಿಲ್ಲ. ಕಿರಿಯ ವಕೀಲರು ಬಂದು ಅಲ್ಲಿ ಕೂರಲೇ ಎಂದು ಕೇಳಿದಾಗಲೆಲ್ಲ, ಅದರ ಯಜಮಾನ ಬರುತ್ತಾನೆ ಎಂದು ಕಳಿಸಿದೆ. ಹಾಗೆ ಕೇಳಿದವರಲ್ಲಿ ಇಬ್ಬರು ಈಗ ನ್ಯಾಯಾಧೀಶರಾಗಿದ್ದಾರೆ. ಹೊರಗಿನ ಬೋರ್ಡಿನಲ್ಲಿ ನಿನ್ನ ಹೆಸರು ಇನ್ನೂ ನನ್ನದರ ಮೇಲೆಯೇ ಇದೆ. ಹೊಸಬರು ಅದನ್ನು ನೋಡಿ ಒಳಗೆ ಬಂದು, ನನ್ನನ್ನು ನೋಡಿ, ಸಪ್ಪೆ ಮುಖ ಮಾಡುತ್ತಾರೆ.

ಬರುವುದಾದರೆ ಬಾ. ಬರುವುದಿಲ್ಲವೆಂದಾದರೆ ಹೇಳು, ಮಾರ್ಚಿ ಕೊನೆಗೆ ಬೀಗ ಹಾಕುತ್ತೇನೆ.

ಇಂತಿ,
ಗಿಡ್ಡ

ಜನವರಿ ೨೮

ಪ್ರಿಯ ಗಿಡ್ಡ,

ನಿನ್ನ ಕಾಗದವನ್ನು ಕಾರಿನಲ್ಲಿ ಓದಿದೆ. ಒಂದು ಉದ್ಘಾಟನೆಯಿಂದ ಇನ್ನೊಂದಕ್ಕೆ ಹೋಗುತ್ತಿದ್ದೆ. ಇಳಿದ ಮೇಲೆ ಯಾವುದನ್ನು ಉದ್ಘಾಟಿಸಿದೆನೆಂದು ಈಗ ಕೇಳಿದರೆ ಹೇಳಲಾರೆ. ರಿಬ್ಬನ್ನು ಇತ್ತು, ಕತ್ತರಿ ಕೊಟ್ಟರು.

ದಯವಿಟ್ಟು ಬೀಗ ಹಾಕಬೇಡ. ಇಲ್ಲಿ ನನ್ನದೆಂದು ಹೇಳಿಕೊಳ್ಳುವಂಥ ಒಂದು ವಸ್ತುವಿಲ್ಲ ಕಣೋ. ಮನೆ ಸರ್ಕಾರದ್ದು, ಕಾರು ಸರ್ಕಾರದ್ದು, ಗೋಡೆಯ ಮೇಲಿನ ಚಿತ್ರಗಳ ಹಿಂದೆ ಕೂಡ ದಾಸ್ತಾನಿನ ನಂಬರು ಅಂಟಿಸಿದ್ದಾರೆ. ಆ ಮೇಜೊಂದು ನನಗಾಗಿ ಕಾಯುತ್ತಿದೆ ಎಂಬ ಧೈರ್ಯದ ಮೇಲೆ ನಾನು ಇಷ್ಟು ವರ್ಷ ಇಲ್ಲಿ ಕೂತೆ.

ನಿನಗೆ ಗೊತ್ತು, ನಾನು ಬಂದಮೇಲೆ ನಾಲ್ವರು ನಾಯಕರು ಬದಲಾದರು. ಹೊಸಬರು ಬಂದಾಗಲೆಲ್ಲ ಕಚೇರಿಯ ಹಳೆಯ ಪರದೆ ಕಿತ್ತು ಹೊಸದು ಹಾಕುತ್ತಾರೆ. ಮೇಜು, ಕುರ್ಚಿ ಮತ್ತು ನಾನು ಹಾಗೇ ಉಳಿಯುತ್ತೇವೆ. ಕಾನೂನು ಖಾತೆ ಇತ್ತು, ಕಂದಾಯ ಬಂತು, ನೀರಾವರಿ ಬಂತು, ಸುತ್ತಿ ಸುತ್ತಿ ಮತ್ತೆ ಕಾನೂನು. ಎಲ್ಲಿ ಹೋದರೂ ರಾಗಿ ಬೀಸುವುದು ತಪ್ಪಲಿಲ್ಲ. ನನ್ನನ್ನು ಯಾಕೆ ಬಿಡುವುದಿಲ್ಲ ಗೊತ್ತೇ? ಸದನದಲ್ಲಿ ಎಂಥ ಪ್ರಶ್ನೆ ಬಂದರೂ ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಉತ್ತರ ಕೊಡಬಲ್ಲೆ. ಕೇಳಿದವನು ತೃಪ್ತಿಯಿಂದ ಕೂತುಕೊಂಡು, ಮನೆಗೆ ಹೋಗಿ ನೋಡಿದರೆ ಕೈಯಲ್ಲಿ ಏನೂ ಇರುವುದಿಲ್ಲ. ಕಟಕಟೆಯಲ್ಲಿದ್ದವರಿಂದ ನಿಜ ಹೊರಡಿಸುವುದನ್ನು ಕಲಿತವನು ಅದೇ ವಿದ್ಯೆಯನ್ನು ತಿರುವಿ ಹಾಕಿಕೊಂಡು ಹೊಟ್ಟೆ ಹೊರೆಯುತ್ತಿದ್ದೇನೆ.

ಸುಸ್ತಾಗಿದೆ. ಬೆಳಿಗ್ಗೆ ಎದ್ದಾಗಲೇ ಸುಸ್ತಾಗಿರುತ್ತದೆ. ಬಂದೇ ಬರುತ್ತೇನೆ, ಆದರೆ ಈ ಅಧಿವೇಶನ ಮುಗಿಯಲಿ. ಒಂದು ಮಸೂದೆ ಅರ್ಧಕ್ಕೆ ನಿಂತಿದೆ, ನಾನು ಕೈಬಿಟ್ಟರೆ ಕುಲಗೆಟ್ಟುಹೋಗುತ್ತದೆ. ಸ್ವಲ್ಪ ವಾಯಿದೆ ಕೊಡು.

ನಿನ್ನ,
ಉದ್ದ

ಫೆಬ್ರವರಿ ೧೪

ಉದ್ದಣ್ಣ,

ಕೋರ್ಟಿನಲ್ಲಿ ಮುಂದಿನ ತಾರೀಖು ಕೇಳಿ ಕೇಳಿ ಬದುಕಿದವರು ನಾವು, ಒಪ್ಪುತ್ತೇನೆ. ಆದರೆ ಮನುಷ್ಯ ತನ್ನ ಜೀವಮಾನಕ್ಕೇ ವಾಯಿದೆ ಕೇಳುತ್ತಾ ಹೋಗುವುದನ್ನು ನಿನ್ನಲ್ಲಿ ಮಾತ್ರ ಕಂಡೆ. ಹೋದ ಸಲ ಬಜೆಟ್ಟು ಮುಗಿಯಲಿ ಎಂದೆ. ಅದರ ಹಿಂದಿನ ಸಲ ಹೊಸ ನಾಯಕರು ಕಾಲೂರಲಿ ಎಂದೆ. ಅದಕ್ಕೂ ಹಿಂದೆ ಪಕ್ಷ ಒಡೆಯುತ್ತದೆ, ಒಡೆದಮೇಲೆ ನೋಡೋಣ ಎಂದೆ. ಪಕ್ಷ ಒಡೆಯಿತು, ನೀನು ಎರಡೂ ಹೋಳಿಗೆ ಬೇಕಾದೆ. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ನಿನ್ನ ವಿಷಯದಲ್ಲಿ ಹಾಳಾಗುತ್ತಿರುವುದು ನನ್ನ ಮೊಣಕಾಲು.

ಬೇಸಿಗೆ ರಜೆಗೆ ಕೋರ್ಟು ಮುಚ್ಚುವವರೆಗೆ ಕಾಯುತ್ತೇನೆ. ಅದೇ ಕೊನೆ.

ಒಂದು ಕೇಸು ನಿನ್ನನ್ನು ಹುಡುಕಿಕೊಂಡು ಬಂದಿದೆ. ಪೇಟೆಬೀದಿಯ ಔಷಧಿ ಅಂಗಡಿಯ ಮುದುಕರು ನೆನಪಿರಬೇಕು, ಎರಡಂತಸ್ತಿನ ಕಟ್ಟಡದವರು. ಕೆಳಗಿನ ಅಂಗಡಿಯನ್ನು ಬಹಳ ವರ್ಷದ ಹಿಂದೆಯೇ ಒಬ್ಬ ಹೊಲಿಗೆಯಾಕೆಗೆ ಬಾಡಿಗೆಗೆ ಕೊಟ್ಟು, ತಾವು ಮೇಲಂತಸ್ತಿನಲ್ಲಿ ಔಷಧಿ ಮಾರುತ್ತಾರೆ. ಈಗ ಅವರಿಗೂ ಮೆಟ್ಟಿಲು ಹತ್ತಲಾಗದು, ಔಷಧಿಗೆ ಬರುವ ರೋಗಿಗಳಿಗೂ ಆಗದು. ಕೆಳಗಿನ ಅಂಗಡಿ ಬಿಡಿಸಿಕೊಡಿ ಎಂದು ದಾವೆ ಹಾಕಿದ್ದಾರೆ. ಆಕೆ ಬಿಡುವುದಿಲ್ಲ ಎನ್ನುತ್ತಿದ್ದಾಳೆ. ಆ ಒಂದು ಯಂತ್ರದ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವಳು, ಗಿರಾಕಿಗಳು ಆ ಬಾಗಿಲನ್ನು ಬಿಟ್ಟು ಬೇರೆ ಕಡೆ ಬರುವುದಿಲ್ಲ ಎನ್ನುತ್ತಾಳೆ. ಮುದುಕರ ವಕೀಲರು ತೀರಿಕೊಂಡರು. ಬೋರ್ಡು ನೋಡಿ ಮೇಲೆ ಬಂದು, "ಇವರೇ ಬೇಕು" ಎಂದು ನಿನ್ನ ಹೆಸರಿನ ಮೇಲೆ ಬೆರಳಿಟ್ಟರು. ಫೈಲು ಬಿಚ್ಚಲು ಹೋದರು, ನಾನು ಬೇಡವೆಂದೆ. ಕೇಸು ಯಾರದೋ ಫೈಲೂ ಅವರೇ ನೋಡಬೇಕು. ನಿನ್ನ ವಿಳಾಸ ಕೊಟ್ಟು ಕಳಿಸಿದ್ದೇನೆ.

ಎರಡೂ ಕಡೆ ನ್ಯಾಯವಿರುವ ಕೇಸು. ಇಂಥದ್ದು ಬಂದರೆ ನೀನು ಹಿಂದೆ ಊಟ ಮರೆಯುತ್ತಿದ್ದೆ.

ಇಂತಿ,
ಗಿಡ್ಡ

ಮಾರ್ಚಿ ೧೭

ಪ್ರಿಯ ಗಿಡ್ಡ,

ಕೊಟ್ಟೆ. ರಾಜೀನಾಮೆ ಕೊಟ್ಟೆ. ಇವತ್ತಿನ ಪತ್ರಿಕೆಯಲ್ಲಿ ನೋಡಿರುತ್ತೀ. ಒಂದು ಪತ್ರಿಕೆ ನನಗೆ ನಾಯಕರ ಮೇಲೆ ಸಿಟ್ಟು ಎಂದಿದೆ, ಇನ್ನೊಂದು ನಾಯಕರಿಗೆ ನನ್ನ ಮೇಲೆ ಸಿಟ್ಟು ಎಂದಿದೆ, ಮೂರನೆಯದು ನಾನು ಹೊಸ ಪಕ್ಷ ಕಟ್ಟುತ್ತೇನೆ ಎಂದಿದೆ. ಹೊಸ ಪಕ್ಷ! ಬೂಟಿನ ದಾರ ಕಟ್ಟಿಕೊಳ್ಳುವುದಕ್ಕೇ ನನಗೆ ಏದುಸಿರು.

ಈಗಿನ ನಾಯಕರು ನಾನು ಮೊದಲ ಸಲ ಮಂತ್ರಿಯಾದಾಗ ಶಾಲೆಯಲ್ಲಿದ್ದವರು. ಕಾಗದ ಓದಿ, ಬಾಗಿಲು ಹಾಕಿಸಿ, ಮೆಲ್ಲಗೆ ಕೇಳಿದರು, "ಯಾವ ಖಾತೆ ಬೇಕಿತ್ತು ಸಾರ್?" ಯಾವುದೂ ಬೇಡವೆಂದೆ. ಹಾಗಾದರೆ ಯಾರ ಮೇಲೆ ಬೇಸರ ಎಂದರು. ಯಾರ ಮೇಲೂ ಇಲ್ಲ, ಸುಸ್ತಾಗಿದೆ ಎಂದೆ. ತಕ್ಷಣ ಡಾಕ್ಟರಿಗೆ ಫೋನು ಮಾಡಿಸಿದರು. ರಕ್ತ ಪರೀಕ್ಷೆಯೂ ಆಯಿತು. ಎಲ್ಲ ಸರಿಯಿದೆ ಎಂದು ಬಂದಮೇಲೆ ಅವರಿಗೆ ಇನ್ನಷ್ಟು ಅನುಮಾನ.

ನನ್ನವಳು ಮಾತ್ರ ನಂಬಲಿಲ್ಲ. ಕಾಗದದ ನಕಲು ತೋರಿಸಿದೆ. ಪೆಟ್ಟಿಗೆ ಕಟ್ಟಿದ ಮೇಲೆ ನಂಬುತ್ತೇನೆ ಎಂದು ಒಳಗೆ ಹೋದಳು. ಅವಳನ್ನು ದೂರುವಂತಿಲ್ಲ, ಇದೇ ಮಾತನ್ನು ಅವಳು ಬೇರೆ ಮೂರು ಸರ್ಕಾರಿ ಮನೆಗಳ ಅಡುಗೆಮನೆಯಲ್ಲಿ ನಿಂತು ಕೇಳಿದ್ದಾಳೆ.

ಔಷಧಿ ಅಂಗಡಿಯವರ ವಕಾಲತ್ತಿಗೆ ಸಹಿ ಮಾಡಿ ಕಳಿಸಿದ್ದೇನೆ. ವಕೀಲಿಯ ಸನ್ನದನ್ನು ಮತ್ತೆ ಊರ್ಜಿತ ಮಾಡಿಸಿಕೊಂಡೆ. ಏಪ್ರಿಲ್ ಮೊದಲ ವಾರದಲ್ಲಿ ವಿಚಾರಣೆಯಿದೆ. ಹಳೆಯ ಕರಿ ಕೋಟು ಹಾಕಿಕೊಂಡು ನೋಡಿದೆ, ಗುಂಡಿಗೂ ಕಾಜಕ್ಕೂ ಮಾತುಕತೆ ಮುರಿದು ಬಿದ್ದಿದೆ. ಹೊಸದು ಹೊಲಿಸಿದೆ. ಗಿಡ್ಡ, ನಿನಗೆ ಮಾತ್ರ ಹೇಳುತ್ತೇನೆ, ನನಗೆ ಹೆದರಿಕೆಯಾಗುತ್ತಿದೆ. ಸದನದಲ್ಲಿ ಅವಿಶ್ವಾಸ ನಿರ್ಣಯ ಬಂದಾಗಲೂ ಹೀಗಾಗಿರಲಿಲ್ಲ. ಈ ಹೆದರಿಕೆ ಎಷ್ಟು ಹಿತವಾಗಿದೆ ಎಂದು ಹೇಳಲಾರೆ. ನನ್ನಲ್ಲಿ ವಕೀಲ ಇನ್ನೂ ಉಳಿದಿದ್ದಾನೋ ಇಲ್ಲವೋ ಅವತ್ತು ತಿಳಿಯುತ್ತದೆ. ಉಳಿದಿಲ್ಲವೆಂದಾದರೆ ಆಮೇಲೆ ನಾನು ಯಾರು ಎಂಬುದು ನನಗೇ ಗೊತ್ತಿಲ್ಲ.

ಹಳೇ ಗಂಡನ ಪಾದವೇ ಗತಿ ಎಂದು ನೀನು ನಗುತ್ತೀ. ನಗು.

ನಿನ್ನ,
ಉದ್ದ

ಏಪ್ರಿಲ್ ೧೧

ಪ್ರಿಯ ಗಿಡ್ಡ,

ಸಾಮಾನು ಕಟ್ಟುವುದಕ್ಕೆಂದು ರಾಜಧಾನಿಗೆ ವಾಪಸ್ಸು ಬಂದಿದ್ದೇನೆ. ಮನೆ ತುಂಬ ಪೆಟ್ಟಿಗೆಗಳು, ಒಂದರ ಮೇಲೆಯೇ ಕೂತು ಬರೆಯುತ್ತಿದ್ದೇನೆ.

ನೋಡಿದೆಯಲ್ಲ! ಈಜು ಕಲಿತವನು ಮರೆಯುವುದಿಲ್ಲ ಎನ್ನುವುದು ನಿಜ. ನಿಂತ ಕೂಡಲೇ ಮಾತು ತಾನಾಗಿ ಬಂತು. ಅರ್ಧ ಗಂಟೆಗೂ ಮೇಲೆ ಮಾತಾಡಿದೆ, ಎಲ್ಲೂ ತಡವರಿಸಲಿಲ್ಲ, ಯಾರೂ ನಡುವೆ ಬಾಯಿ ಹಾಕಲಿಲ್ಲ. ನಮ್ಮ ಕಾಲದ ಕಿತ್ತಾಟವೆಲ್ಲ ಈಗಿಲ್ಲವೆಂದು ಕಾಣುತ್ತದೆ. ಆ ಎದುರು ವಕೀಲ ಎಷ್ಟು ವಿನಯವಂತ! ಪಾಟೀಸವಾಲಿನಲ್ಲಿ ಮುದುಕರನ್ನು ಹಿಂಡಿಬಿಡುತ್ತಾನೆಂದು ಹೆದರಿದ್ದೆ, ಆತ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಮ್ಮ ಪಕ್ಷ ಅಷ್ಟು ಗಟ್ಟಿಯಾಗಿತ್ತು ಅನ್ನು. ತೀರ್ಪನ್ನು ನ್ಯಾಯಾಧೀಶರು ಕೂತಲ್ಲೇ ಬರೆಸಿದರು. ಮುದುಕರು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟರು. ಮಂತ್ರಿಯಾಗಿದ್ದಾಗ ಕೈ ಹಿಡಿದವರು ಸಾವಿರ ಜನ, ಹೀಗೆ ಹಿಡಿದವರು ನೆನಪಿಲ್ಲ.

ಆ ರಾತ್ರಿ ಬಹಳ ವರ್ಷದ ಮೇಲೆ ಗುಳಿಗೆ ತೆಗೆದುಕೊಳ್ಳದೆ ನಿದ್ದೆ ಮಾಡಿದೆ.

ನೀನು ಹಿಂದಿನ ಬೆಂಚಿನಲ್ಲಿದ್ದೆ. ಮುಗಿಸಿ ತಿರುಗಿ ನೋಡಿದರೆ ಇಲ್ಲ. ಏನೋ ಕೆಲಸವಿತ್ತೇನೋ. ಕೋಣೆಯನ್ನು ಮುಚ್ಚುವ ಮಾತು ಇನ್ನು ಬೇಡ. ಬೋರ್ಡಿಗೆ ಹೊಸ ಬಣ್ಣ ಹಾಕಿಸು. ಬೇಕಾದರೆ ಈ ಸಲ ನಿನ್ನ ಹೆಸರು ಮೇಲೆ ಬರಲಿ. ಜೂನಿನಲ್ಲಿ ಕೋರ್ಟು ತೆರೆಯುವಾಗ ಅಲ್ಲಿರುತ್ತೇನೆ.

ನಿನ್ನ,
ಉದ್ದ

ಏಪ್ರಿಲ್ ೨೬

ಉದ್ದಣ್ಣ,

ಈ ಕಾಗದವನ್ನು ಬರೆದು ಹರಿದು, ಬರೆದು ಹರಿದು, ಕೊನೆಗೆ ಹರಿಯುವುದಕ್ಕೂ ಬೇಜಾರಾಗಿ ಕಳಿಸುತ್ತಿದ್ದೇನೆ. ನನಗೆ ಯಾವ ಕೆಲಸವೂ ಇರಲಿಲ್ಲ. ಅಲ್ಲಿ ಕೂರಲಾಗದೆ ಎದ್ದು ಬಂದೆ.

ನೀನು ಒಳಗೆ ಬಂದಾಗ ನ್ಯಾಯಾಧೀಶರು ಕುರ್ಚಿಯಿಂದ ಅರ್ಧ ಎದ್ದರು. ಎದ್ದಮೇಲೆ ತಾವೇನು ಮಾಡಿದೆವೆಂದು ಹೊಳೆದು, ನಿಲುವಂಗಿ ಸರಿಪಡಿಸಿಕೊಂಡವರ ಹಾಗೆ ಮತ್ತೆ ಕೂತರು. ನೀನು ಫೈಲು ಬಿಚ್ಚುತ್ತಿದ್ದೆ, ನೋಡಲಿಲ್ಲ.

ಆಮೇಲೆ ವಾದ ಶುರುಮಾಡಿದೆ. "ಮಾನ್ಯ ಸಭಾಧ್ಯಕ್ಷರೇ" ಎಂದೆ. ನಿನಗೆ ಗೊತ್ತೇ ಆಗಲಿಲ್ಲ. ನ್ಯಾಯಾಧೀಶರನ್ನು ಸಭಾಧ್ಯಕ್ಷರೇ ಎಂದು ಮೂರು ನಾಲ್ಕು ಸಲ ಕರೆದೆ. ಒಬ್ಬರೂ ನಗಲಿಲ್ಲ ಉದ್ದಣ್ಣ. ಇಡೀ ವಕೀಲರ ಸಂಘ ಅಲ್ಲಿ ಕೂತಿತ್ತು, ಒಬ್ಬರ ತುಟಿಯೂ ಅಲ್ಲಾಡಲಿಲ್ಲ. ನಮ್ಮ ಕಾಲದಲ್ಲಿ ಒಬ್ಬ ಹಿರಿಯರು ಬಾಯಿತಪ್ಪಿ ನ್ಯಾಯಾಧೀಶರನ್ನು ಡಾಕ್ಟರೇ ಎಂದದ್ದಕ್ಕೆ, ಅವರು ಸಾಯುವವರೆಗೂ 'ರೋಗಿ' ಎಂದೇ ಕರೆದೆವು. ಆ ಹೆಸರಿಟ್ಟವನೇ ನೀನು.

ಮುದುಕರು ಕಟಕಟೆ ಹತ್ತಿ, ಕೆಳಗೆ ನನಗೆ ಬೇರೆ ಜಾಗವಿಲ್ಲ ಎಂದರು. ಆ ಕಟ್ಟಡದ ಹಿಂಭಾಗದಲ್ಲಿ, ಕೆಳಗೇ, ಒಂದು ದೊಡ್ಡ ಕೋಣೆಯಿದೆ. ಬರೀ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ತುಂಬಿಟ್ಟಿದ್ದಾರೆ. ಊರಿಗೆಲ್ಲ ಗೊತ್ತು. ಎದುರು ವಕೀಲ ಅದೊಂದನ್ನು ಕೇಳಿದ್ದರೆ ಸಾಕಿತ್ತು. ಎದ್ದು ನಿಂತ, ನಿನ್ನ ಕಡೆ ನೋಡಿ ತಲೆ ಬಾಗಿಸಿದ, ಪಾಟೀಸವಾಲು ಇಲ್ಲ ಎಂದು ಕೂತ. ಆಮೇಲೆ ಕೋರ್ಟಿನ ಮೆಟ್ಟಿಲಿನಲ್ಲಿ ಅವನನ್ನು ಹಿಡಿದು ಕೇಳಿದೆ. "ಸಾರ್, ಅವರ ಎದುರು ನಾನೇನು ಮಾತಾಡ್ಲಿ? ಸರ್ಕಾರಿ ವಕೀಲರ ನೇಮಕ ಆಗೋದಿದೆ, ನನಗೂ ಮಕ್ಕಳಿದಾರೆ" ಎಂದ. ನೀನು ಅವನ ಹೊಟ್ಟೆಯ ಮೇಲೆ ಹೊಡೆಯುವವನಲ್ಲವೆಂದು ನನಗೆ ಗೊತ್ತು. ಅವನಿಗೆ ಹೇಗೆ ಗೊತ್ತಾಗಬೇಕು?

ಆ ಹೊಲಿಗೆಯಾಕೆ ನನ್ನ ಪಕ್ಕದಲ್ಲೇ ಕೂತಿದ್ದಳು. ಒಗೆದು ಇಸ್ತ್ರಿ ಮಾಡಿದ ಸೀರೆ ಉಟ್ಟು, ಹೇಳಬೇಕಾದ್ದನ್ನು ಬಾಯಲ್ಲೇ ಹೇಳಿಕೊಳ್ಳುತ್ತಾ ಕಾಯುತ್ತಿದ್ದಳು. ತೀರ್ಪು ಬರೆಸಿ ಮುಗಿದಾಗ ನನ್ನ ತೋಳು ಮುಟ್ಟಿ ಕೇಳಿದಳು, "ಮುಗೀತಾ ಸಾರ್? ನನ್ನನ್ನ ಯಾರೂ ಏನೂ ಕೇಳಲೇ ಇಲ್ಲವಲ್ಲ."

ನಾನು ಎದ್ದು ಬಂದದ್ದು ಆಗ.

ನೀನು ಚೆನ್ನಾಗಿ ವಾದಿಸಿದೆಯೋ ಕೆಟ್ಟದಾಗಿ ವಾದಿಸಿದೆಯೋ ನನಗೆ ಗೊತ್ತಿಲ್ಲ. ಎದುರಿಗೆ ಯಾರಾದರೂ ಇದ್ದಿದ್ದರೆ ಹೇಳಬಹುದಿತ್ತು. ನೀನು ಗೆಲ್ಲಲಿಲ್ಲ, ನಿನ್ನನ್ನು ಗೆಲ್ಲಿಸಿ ಮನೆಗೆ ಕಳಿಸಿದರು. ಇದನ್ನು ಬೇರೆ ಯಾರೂ ನಿನಗೆ ಹೇಳುವುದಿಲ್ಲ, ಅದಕ್ಕೇ ಹೇಳಬೇಕಾಯಿತು. ಹೇಳಿ ನನಗೇನೂ ಸಮಾಧಾನವಾಗಿಲ್ಲ.

ಇಂತಿ,
ಗಿಡ್ಡ

ಮೇ ೭

ಮಾನ್ಯರೇ,

ತಮ್ಮ ಏಪ್ರಿಲ್ ೨೬ರ ಪತ್ರ ತಲುಪಿದೆ. ಅದರಲ್ಲಿನ ಅಂಶಗಳನ್ನು ಗಮನಿಸಲಾಗಿದೆ.

ತಮ್ಮ ವಿಶ್ವಾಸಿ,
ಮಾಜಿ ಸಚಿವರು, ಕಾನೂನು ಇಲಾಖೆ

ಮೇ ೧೫

ಉದ್ದಣ್ಣ,

ಗಮನಿಸಿದ್ದನ್ನು ಗಮನಿಸಿದೆ.

ಗಿಡ್ಡ

ಜೂನ್ ೧೨

ಪ್ರಿಯ ಗಿಡ್ಡ,

ಬಹಳ ಸಿಟ್ಟಾಗಿದ್ದೆ. ನಿನ್ನ ಮೇಲೆ ಆಗಿದ್ದೆ, ಯಾಕೆಂದರೆ ಸಿಟ್ಟಾಗುವಷ್ಟು ಹತ್ತಿರದಲ್ಲಿ ಬೇರೆ ಯಾರೂ ಇರಲಿಲ್ಲ. ಇಲಾಖೆಯ ಉಳಿದಿದ್ದ ಹಳೆಯ ಕಾಗದದ ಮೇಲೆ ಆ ಎರಡು ಸಾಲು ಟೈಪು ಮಾಡಿಸಿದೆ. ಮಾಡಿಸುವಾಗ ಖುಷಿಯಾಯಿತು, ಅಂಚೆಗೆ ಹಾಕಿದ ಮೇಲೆ ಊಟ ಸೇರಲಿಲ್ಲ. ನನ್ನವಳು ನಿನ್ನ ಕಾಗದ ಓದಿದಳು. ಓದಿ ಮಡಿಚಿಟ್ಟು, "ಅವರೊಬ್ಬರಾದ್ರೂ ಇದಾರಲ್ಲ" ಎಂದಳು. ಅವಳ ಮೇಲೂ ಎರಡು ದಿನ ಮುನಿಸಿಕೊಂಡೆ.

ಆಮೇಲೆ ನಾನೇ ಪರೀಕ್ಷೆ ಮಾಡಲು ಹೊರಟೆ. ಪಕ್ಕದ ಮನೆಯ ನಿವೃತ್ತ ಅಧಿಕಾರಿಯ ಜೊತೆ ಸಂಜೆ ಚದುರಂಗ ಆಡುವುದುಂಟು. ಇಷ್ಟು ವರ್ಷದಲ್ಲಿ ನಾನು ಸೋತದ್ದಿಲ್ಲ. ಮೊನ್ನೆ ಬೇಕೆಂದೇ ನನ್ನ ಮಂತ್ರಿಯನ್ನು ಒಯ್ದು ಅವನ ಆನೆಯ ಎದುರು ಇಟ್ಟೆ. ಅವನು ನೋಡಿದ. ನೋಡಿದ್ದನ್ನು ನಾನೂ ನೋಡಿದೆ. ಕನ್ನಡಕ ಒರೆಸಿಕೊಂಡು ಎಲ್ಲೋ ಮೂಲೆಯ ಕಾಲಾಳನ್ನು ಒಂದು ಮನೆ ನಡೆಸಿದ. "ಯಾಕ್ರೀ ಹೊಡೀಲಿಲ್ಲ?" ಎಂದೆ. "ನನಗೆ ಕಾಣಲೇ ಇಲ್ಲ ಸಾರ್" ಎಂದ. ಎಂಟು ವರ್ಷ ಜಿಲ್ಲೆಯಾಳಿದ ಮನುಷ್ಯ. ನಾನು ಆಟ ಬಿಟ್ಟು ಎದ್ದೆ. ತನ್ನಿಂದ ಏನು ತಪ್ಪಾಯಿತೆಂದು ಪಾಪ ಗೇಟಿನವರೆಗೂ ಹಿಂದೆ ಬಂದ.

ಗಿಡ್ಡ, ಅಧಿಕಾರ ಬಿಟ್ಟರೆ ಅದು ನನ್ನನ್ನು ಬಿಡುತ್ತದೆಂದುಕೊಂಡಿದ್ದೆ. ಬಿಡುವುದಿಲ್ಲವಂತೆ. ಬಣ್ಣ ಒರೆಸಿಕೊಂಡು ಬಂದರೂ ಜನಕ್ಕೆ ವೇಷವೇ ಕಾಣುತ್ತದೆ. ನಾನು ಯಾವ ಕೋರ್ಟಿನಲ್ಲಿ ನಿಂತರೂ ಎದುರಿಗಿರುವವನು ತಲೆ ಬಾಗಿಸಿ ಕೂರುತ್ತಾನೆ, ಯಾರೋ ಒಬ್ಬ ಹೆಂಗಸು ಇಸ್ತ್ರಿ ಸೀರೆ ಉಟ್ಟು ಬಂದು ಮಾತಾಡದೆ ಮನೆಗೆ ಹೋಗುತ್ತಾಳೆ. ಅಂಥ ವಕೀಲಿ ಮಾಡುವುದಕ್ಕಿಂತ ಮಾಡದಿರುವುದು ವಾಸಿ. ನಾನು ಸೋಲುವುದಕ್ಕೆ ತಯಾರಾಗಿ ಬಂದಿದ್ದೆ ಕಣೋ. ಯಾರಾದರೂ ಎದ್ದುನಿಂತು, ಸ್ವಾಮೀ ಇವರು ಹೇಳುತ್ತಿರುವುದು ತಪ್ಪು ಎನ್ನಬೇಕಿತ್ತು. ಆ ಒಂದು ಮಾತಿಗೆ ಎಷ್ಟು ಆಸೆಪಟ್ಟಿದ್ದೆ ಎಂದು ಈಗ ತಿಳಿಯುತ್ತಿದೆ.

ನಾಯಕರು ಹೇಳಿ ಕಳಿಸಿದ್ದಾರೆ. ಹಳೆಯ ಕಾನೂನುಗಳನ್ನೆಲ್ಲ ಪರಿಶೀಲಿಸುವ ಒಂದು ಆಯೋಗ ಮಾಡುತ್ತಾರಂತೆ, ಅದಕ್ಕೆ ನಾನು ಅಧ್ಯಕ್ಷ. ಕಾರು, ಕಚೇರಿ, ಇದೇ ಮನೆ. ಅಲ್ಲಿ ಎದುರು ಮಾತಾಡುವವರು ಯಾರೂ ಇರುವುದಿಲ್ಲ, ಇರಬೇಕೆಂದು ಯಾರೂ ನಿರೀಕ್ಷಿಸುವುದೂ ಇಲ್ಲ. ನನ್ನಂಥವನಿಗೆ ಅದೇ ಸರಿ. ಈ ತಿಂಗಳ ಕೊನೆಗೆ ಒಪ್ಪಿಗೆ ತಿಳಿಸಬೇಕು. ತಿಳಿಸುತ್ತೇನೆ. ಕಟ್ಟಿದ್ದ ಪೆಟ್ಟಿಗೆಗಳನ್ನು ಬಿಚ್ಚುವುದಕ್ಕೆ ನನ್ನವಳಿಗೆ ಹೇಳಬೇಕು, ಇನ್ನೂ ಬಾಯಿ ಬಂದಿಲ್ಲ.

ಕೋಣೆ ಮುಚ್ಚಿಬಿಡು. ಮೇಜನ್ನು ಯಾರಿಗಾದರೂ ಕೊಡು. ನೀನು ಇಷ್ಟು ವರ್ಷ ಕಾದೆ, ಅದಕ್ಕೆ ಏನು ಹೇಳಬೇಕೋ ನನಗೆ ಗೊತ್ತಿಲ್ಲ.

ನಿನ್ನ,
ಉದ್ದ

ಜೂನ್ ೨೪

ಉದ್ದಣ್ಣ,

ಆಯೋಗಕ್ಕೆ ಇನ್ನೂ ಒಪ್ಪಿಗೆ ಕೊಟ್ಟಿಲ್ಲ ಎಂದುಕೊಂಡು ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ.

ಹೋದ ವಾರ ಆ ಹೊಲಿಗೆಯಾಕೆ ನನ್ನಲ್ಲಿಗೆ ಬಂದಳು. ತೀರ್ಪಿನ ಮೇಲೆ ಮೇಲ್ಮನವಿ ಹಾಕಬೇಕೆಂದು ಊರಿನ ವಕೀಲರನ್ನೆಲ್ಲ ಸುತ್ತಿ ಬಂದಿದ್ದಾಳೆ. ಒಬ್ಬನಿಗೆ ಬೇರೆ ಕೆಲಸವಿದೆಯಂತೆ, ಒಬ್ಬನಿಗೆ ಹುಷಾರಿಲ್ಲವಂತೆ, ಒಬ್ಬನಂತೂ ನಿನ್ನ ಹೆಸರು ಕೇಳುತ್ತಲೇ ಕುಡಿಯಲು ನೀರು ಕೊಟ್ಟು ಕಳಿಸಿದನಂತೆ. ಕೊನೆಗೆ ನಮ್ಮ ಮೆಟ್ಟಿಲು ಹತ್ತಿದಳು. ನಿನ್ನ ಹೆಸರಿನ ಬೋರ್ಡಿನ ಕೆಳಗೇ ನಿಂತು, "ನೀವೂ ಅವರ ಕಡೆಯವರೇ, ಗೊತ್ತು. ಆದ್ರೂ ಕೇಳಿ ಹೋಗೋಣ ಅಂತ ಬಂದೆ" ಎಂದಳು.

ನಾನು ಅವಳ ವಕಾಲತ್ತು ಹಿಡಿದಿದ್ದೇನೆ.

ಒಂದೇ ಕೋಣೆಯವರು ಎದುರುಬದುರು ನಿಲ್ಲಬಾರದೆಂದು ನಾವೇ ಮಾಡಿಕೊಂಡ ನಿಯಮ ನನಗೆ ನೆನಪಿದೆ. ಅದಕ್ಕೇ ನಾನು ಆ ಕೋಣೆಯಲ್ಲಿಲ್ಲ. ಪುಸ್ತಕಗಳನ್ನು ಕೆಳಗಿಳಿಸಿ, ಅದೇ ಕಟ್ಟಡದ ನೆಲದಂತಸ್ತಿನಲ್ಲಿ ಒಂದು ಸಣ್ಣ ಜಾಗ ಹಿಡಿದೆ. ಮೊಣಕಾಲಿಗೂ ಒಳ್ಳೆಯದು. ನಿನ್ನ ಫೈಲನ್ನು ನಾನು ಒಂದು ದಿನವೂ ಮುಟ್ಟಿಲ್ಲ, ನಿನ್ನ ಕಕ್ಷಿದಾರರು ನನ್ನ ಮುಂದೆ ಕೇಸಿನ ಗುಟ್ಟೇನೂ ಬಿಟ್ಟಿಲ್ಲ. ಹಾಗಾಗಿ ನನ್ನ ಕೈ ಶುದ್ಧವಾಗಿದೆ. ಯಾರಾದರೂ ಅನುಮಾನಪಟ್ಟರೆ ಕೇಳಲಿ, ಉತ್ತರ ಕೊಡುತ್ತೇನೆ. ಮೇಲಿನ ಕೋಣೆ ಈಗ ಪೂರ್ತಿ ನಿನ್ನದು. ಮುಚ್ಚುವುದಿದ್ದರೆ ನೀನೇ ಬಂದು ಮುಚ್ಚು.

ನನ್ನವಳು ಎರಡು ದಿನ ಮಾತು ಬಿಟ್ಟಳು. ಮನೆಯಲ್ಲಿರುತ್ತೇನೆಂದು ಹೇಳಿ ಹೊಸ ಕೇಸು ಹಿಡಿದದ್ದಕ್ಕೆ ಒಂದು ದಿನ, ಅದು ನಿನ್ನ ವಿರುದ್ಧ ಎಂಬುದಕ್ಕೆ ಇನ್ನೊಂದು ದಿನ. ಮೂರನೆಯ ದಿನ, "ಉದ್ದಣ್ಣನಿಗೆ ಬೇಜಾರಾಗಲ್ವಾ?" ಎಂದಳು. ಆಗಲಿ ಎಂದೇ ಮಾಡಿದ್ದು ಎಂದೆ. ಅವಳಿಗೆ ಅರ್ಥವಾಯಿತೆಂದು ಕಾಣುತ್ತದೆ, ಅನ್ನ ಬಡಿಸಿದಳು.

ನನಗೂ ದಣಿವಾಗಿದೆ ಉದ್ದಣ್ಣ. ಈ ವಯಸ್ಸಿನಲ್ಲಿ ಇದು ಬೇಕಿತ್ತೇ ಎಂದು ಪ್ರತಿ ಬೆಳಿಗ್ಗೆ ಅನಿಸುತ್ತದೆ. ನಿನ್ನೆ ಹಳೆಯ ತೀರ್ಪುಗಳನ್ನು ಹುಡುಕುತ್ತಾ ಕೂತವನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಹೀಗಾಗಿ ಎಷ್ಟು ಕಾಲವಾಗಿತ್ತೋ.

ಕೇಳು. ಪ್ರತಿವಾದಿಯನ್ನು ಕಟಕಟೆಗೇ ಹತ್ತಿಸಲಿಲ್ಲ, ಆದ್ದರಿಂದ ಕೇಸನ್ನು ಕೆಳಗಿನ ಕೋರ್ಟಿಗೆ ವಾಪಸ್ಸು ಕಳಿಸಿ ಮೊದಲಿನಿಂದ ವಿಚಾರಣೆ ನಡೆಸಿ ಎಂದು ಕೇಳುತ್ತೇನೆ. ಕೊಡುತ್ತಾರೆ. ಆಗ ನಿನ್ನ ಮುದುಕರು ಮತ್ತೆ ಕಟಕಟೆ ಹತ್ತಬೇಕು, ಆ ಹಿಂದಿನ ಕೋಣೆಯ ವಿಷಯವನ್ನು ನಾನು ಕೇಳಿಯೇ ಕೇಳುತ್ತೇನೆ. ನಿನ್ನ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಅವರ ಮೊಣಕಾಲು ನಿಜವಾಗಿಯೂ ಕೆಟ್ಟಿದೆ, ಆ ಮೆಟ್ಟಿಲುಗಳಲ್ಲಿ ಒಬ್ಬ ರೋಗಿ ಬಿದ್ದು ಸೊಂಟ ಮುರಿದುಕೊಂಡದ್ದೂ ನಿಜ. ನೀನು ಅವತ್ತು ಅದನ್ನು ಹೇಳಲೇ ಇಲ್ಲ. ಯಾರೂ ಅಡ್ಡಿಪಡಿಸದೆ ಇದ್ದದ್ದರಿಂದ ಹೇಳಬೇಕೆಂದು ನಿನಗೆ ಹೊಳೆಯಲಿಲ್ಲ. ಚೆನ್ನಾಗಿ ವಾದಿಸಿದರೆ ನೀನು ಗೆಲ್ಲಬಹುದು. ಆದರೆ ಚೆನ್ನಾಗಿ ವಾದಿಸಬೇಕು.

ಮೇಲ್ಮನವಿಯ ವಿಚಾರಣೆ ಜುಲೈ ಎರಡನೇ ವಾರದಲ್ಲಿದೆ. ನೋಟೀಸು ನಿನಗೆ ಬೇರೆಯಾಗಿ ಬರುತ್ತದೆ. ನ್ಯಾಯಾಧೀಶರನ್ನು ಸಭಾಧ್ಯಕ್ಷರೇ ಎಂದರೆ ನಾನು ಎಲ್ಲರೆದುರಿಗೆ ಗಟ್ಟಿಯಾಗಿ ನಗುತ್ತೇನೆ. ಕಾನೂನು ತಪ್ಪು ಹೇಳಿದರೆ ಎದ್ದು ನಿಲ್ಲುತ್ತೇನೆ. ನೀನು ಕೂರುವವರೆಗೆ ನಾನು ಕೂರುವುದಿಲ್ಲ.

ಸರಿಯಾಗಿ ಓದಿಕೊಂಡು ಬಾ.

ಇಂತಿ,
ಗಿಡ್ಡ
ಮೇಲ್ಮನವಿದಾರಳ ಪರ ವಕೀಲ